ಬೀಗದಣ್ಣ ಕೈಕಟ್ಟಿ ಕೂತ ಹನ್ನೊಂದು ದಿನ

ನಮ್ಮವರು ಹೋದ ದಿನ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿದರು. ಆ ಕರುಳಿನ ಕಾಯಿಲೆ ಕೊನೆಗೂ ಬಿಡಲಿಲ್ಲ ನೋಡಿ, ಪಾಪ, ಎಂದರು. ನಾನು ಅಳುವುದನ್ನು ನಿಲ್ಲಿಸಿ ಹೇಳಿದೆ. ಅದಲ್ಲ. ಹೃದಯ ನಿಂತಿತು. ಬೆಳಿಗ್ಗೆ ಏಳೂವರೆಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲೂ ಹಾಗೇ ಇದೆ. ಬೇಕಾದವರು ಓದಿಕೊಳ್ಳಬಹುದು.

ಇಪ್ಪತ್ತಾರು ವರ್ಷ ಆ ಕಾಯಿಲೆ ನಮ್ಮ ಮನೆಯಲ್ಲಿತ್ತು. ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕದು. ಅದರ ಗುಣ ನನಗೆ ಚೆನ್ನಾಗಿ ಗೊತ್ತು. ಅದು ಮಾಡಿದ್ದನ್ನು ಮಾಡಿದೆ ಎಂದು ಒಪ್ಪುತ್ತೇನೆ. ಮಾಡದೆ ಇದ್ದದ್ದನ್ನು ಅದರ ತಲೆಗೆ ಕಟ್ಟಲು ಬಿಡುವುದಿಲ್ಲ. ಅದಕ್ಕೆ ಅಷ್ಟು ಮರ್ಯಾದೆ ಬೇಡ.

ಅವರ ಕೆಲಸ ಬೀಗದ್ದು. ಕೀಲಿ ಮಾಡುವುದು, ಕೆಟ್ಟ ಬೀಗ ಬಿಚ್ಚಿ ಸರಿ ಮಾಡುವುದು, ಹೊಸ ಬಾಗಿಲಿಗೆ ಬೀಗ ಕೂರಿಸುವುದು. ಊರೆಲ್ಲ ಬೀಗದಣ್ಣ ಎನ್ನುತ್ತಿತ್ತು. ನನ್ನನ್ನೂ ಬೀಗದಣ್ಣನ ಮನೆಯವರು ಎಂದೇ ಕರೆಯುತ್ತಾರೆ, ಈಗಲೂ. ಮೊದಲು ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಕೆಲಸ ಕಲಿಸಿದವನು ಒಬ್ಬ ಒಕ್ಕಣ್ಣಿನ ಮುದುಕ. ಅವನು ಇವರಿಂದ ಎರಡು ಮಾತು ತೆಗೆದುಕೊಂಡಿದ್ದ. ಬೇರೆಯವರ ಕೀಲಿಯ ನಕಲು ಒಂದನ್ನೂ ಇಟ್ಟುಕೊಳ್ಳಬಾರದು. ಒಡೆಯ ಕರೆಯದೆ ಯಾವ ಬೀಗಕ್ಕೂ ಕೈ ಹಾಕಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ನೀನು ಬೀಗದವನಲ್ಲ, ಕಳ್ಳ, ಎಂದಿದ್ದನಂತೆ. ನಮ್ಮವರು ಆ ಮಾತನ್ನು ಉಸಿರಿನ ಹಾಗೆ ಇಟ್ಟುಕೊಂಡಿದ್ದರು. ಕೊರೆಯುವಾಗ ಕೆಟ್ಟುಹೋದ ಕೀಲಿಯನ್ನೂ ಸುಮ್ಮನೆ ಎಸೆಯುತ್ತಿರಲಿಲ್ಲ. ಅದರ ಹಲ್ಲು ಪೂರ್ತಿ ಅರದಿಂದ ತೀಡಿ, ಬೋಳು ಮಾಡಿ ಆಮೇಲೆ ಬಿಸಾಡುತ್ತಿದ್ದರು. ಅದನ್ನು ನೋಡಿ ನಾನು ನಗುತ್ತಿದ್ದೆ. ಕಸದ ಬುಟ್ಟಿಗೂ ನಿಮ್ಮ ಭಯ ಎನ್ನುತ್ತಿದ್ದೆ.

ಮಗಳು ನಡೆಯಲು ಕಲಿತ ವರ್ಷ ಇವರು ಕಕ್ಕಸಿಗೆ ಹೋಗುವುದು ಜಾಸ್ತಿ ಆಯಿತು. ದಿನಕ್ಕೆ ಐದು ಸಲ, ಆರು ಸಲ. ಏನೂ ಹೇಳಲಿಲ್ಲ. ಬಟ್ಟೆ ಒಗೆಯುವವಳು ನಾನು. ರಕ್ತ ಕಂಡಿತು. ಕೇಳಿದೆ. ಮೂಲವ್ಯಾಧಿ, ಸೈಕಲ್ ತುಳಿದು ಹೀಗಾಗಿದೆ, ಎಂದರು. ಯಾರೋ ಪುಡಿ ಕೊಟ್ಟರು, ಇನ್ಯಾರೋ ಮುಲಾಮು ಕೊಟ್ಟರು. ಎರಡು ವರ್ಷ ಹಾಗೇ ಕಳೆಯಿತು. ಇವರ ಅಕ್ಕ ಬಂದು ಎಲ್ಲವನ್ನೂ ನನ್ನ ಅಡುಗೆಯ ಮೇಲೆ ಹಾಕಿದಳು. ನಮ್ಮ ಮನೆಯಲ್ಲಿ ಇದ್ದಾಗ ಕಲ್ಲು ತಿಂದು ಕರಗಿಸುತ್ತಿದ್ದ, ಎಂದಳು. ನಾನು ಖಾರ ಬಿಟ್ಟೆ, ಎಣ್ಣೆ ಬಿಟ್ಟೆ, ಉಪ್ಪೊಂದು ಬಿಟ್ಟಿರಲಿಲ್ಲ. ರಕ್ತ ನಿಲ್ಲಲಿಲ್ಲ. ಒಂದು ದಿನ ಸೈಕಲ್ ಮೇಲಿಂದಲೇ ತಲೆ ತಿರುಗಿ ಬಿದ್ದರು. ದೊಡ್ಡಾಸ್ಪತ್ರೆಗೆ ಒಯ್ದಾಗ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಇತ್ತು.

ಅಲ್ಲಿನ ಹೆಣ್ಣು ಡಾಕ್ಟರು ಹಿಂದಿನಿಂದ ನಳಿಕೆ ಹಾಕಿ ದೊಡ್ಡ ಕರುಳು ನೋಡಿದರು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆ ಉರಿದು ಹುಣ್ಣಾಗುವುದು. ಇದು ಅಂಟು ಕಾಯಿಲೆ ಅಲ್ಲ, ಅಡುಗೆಯಿಂದ ಬಂದದ್ದೂ ಅಲ್ಲ. ಆ ಮಾತು ಬಂದಾಗ ನಾನು, ಇನ್ನೊಂದು ಸಲ ಹೇಳಿ ಡಾಕ್ಟ್ರೇ, ಎಂದೆ. ಇವರ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರು ಜೋರಾಗಿಯೇ ಹೇಳಿದರು.

ಹಾಗಾದರೆ ಯಾಕೆ ಬಂತು ಎಂದು ಇವರು ಕೇಳಿದರು. ಡಾಕ್ಟರು, ನೀವು ಏನು ಕೆಲಸ ಮಾಡ್ತೀರಿ, ಎಂದರು. ಬೀಗ ಎಂದರು ಇವರು. ಡಾಕ್ಟರು ನಕ್ಕರು.

"ನಿಮ್ಮ ಮೈಯೊಳಗೆ ಒಬ್ಬ ಕಾವಲುಗಾರ ಇದಾನೆ ಅಂತ ತಿಳ್ಕೊಳ್ಳಿ. ಕಳ್ಳ ಬಂದ್ರೆ ಹೊಡೀಬೇಕು, ಅದು ಅವನ ಕೆಲಸ. ಈಗ ಅವನು ಮನೆಯವರನ್ನೇ ಕಳ್ಳ ಅಂದ್ಕೊಂಡು ಹೊಡೀತಿದಾನೆ. ಅವನನ್ನ ಕೆಲಸದಿಂದ ತೆಗೆಯೋಕಾಗಲ್ಲ. ಸಮಾಧಾನ ಮಾಡಿ ಇಟ್ಕೋಬೇಕು, ಅಷ್ಟೇ. ಮಾತ್ರೆ ಇರೋದು ಅದಕ್ಕೆ."

ಎಷ್ಟು ದಿನ ಎಂದು ಕೇಳಿದರೆ, ದಿನ ಅಲ್ಲ, ಇರೋ ತನಕ, ಎಂದರು.

ಮೊದಲು ಸ್ಟೀರಾಯ್ಡ್ ಕೊಟ್ಟರು. ಮುಖ ಊದಿ ಕುಂಬಳಕಾಯಿಯಂತಾಯಿತು, ಆದರೆ ರಕ್ತ ನಿಂತಿತು. ಅದನ್ನು ಏಕಾಏಕಿ ನಿಲ್ಲಿಸುವ ಹಾಗಿಲ್ಲ, ವಾರವಾರ ಇಷ್ಟಿಷ್ಟೇ ಇಳಿಸಬೇಕು. ಇಳಿಸಿದರು. ಆಮೇಲೆ ದಿನವೂ ನುಂಗುವ ಬೇರೆ ಮಾತ್ರೆ. ಜೊತೆಗೆ ಮಲಗುವ ಮುಂಚೆ ಎಡ ಮಗ್ಗುಲಾಗಿ ಮಲಗಿಸಿ ಹಿಂದಿನಿಂದ ಹಾಕುವ ಔಷಧಿ. ಅದನ್ನು ಹಾಕುತ್ತಿದ್ದವಳು ನಾನು. ಮೊದಮೊದಲು ಇವರು ಗೋಡೆ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಆಮೇಲೆ ಅದೇ ಹೊತ್ತಿಗೆ ಮನೆಯ ಕಷ್ಟಸುಖ ಎಲ್ಲ ಮಾತಾಡುವುದು ರೂಢಿಯಾಯಿತು. ಔಷಧಿ ಒಳಗೆ ನಿಲ್ಲಲು ಅರ್ಧ ಗಂಟೆ ಅಲುಗಾಡಬಾರದು. ಗಂಡಸು ಎದ್ದು ಹೋಗದೆ ಅರ್ಧ ಗಂಟೆ ಹೆಂಡತಿಯ ಮಾತು ಕೇಳುವ ಮನೆ ಎಷ್ಟಿವೆ?

ಒಂದು ತಪ್ಪು ಮಾಡಿದೆವು. ಮೂರನೇ ವರ್ಷ ಪೂರ್ತಿ ಗುಣವಾದ ಹಾಗಿತ್ತು. ಸರಿ ಹೋಯ್ತಲ್ಲ, ಇನ್ಯಾಕೆ ಮಾತ್ರೆ, ಎಂದು ಇವರು ಬಿಟ್ಟರು. ನಾನೂ ತಲೆಯಾಡಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಆಸ್ಪತ್ರೆ, ಒಂಬತ್ತು ದಿನ. ಡಾಕ್ಟರು ಬೈಯಲಿಲ್ಲ. ಅಡಗಿರೋದು ಬೇರೆ, ಹೋಗಿರೋದು ಬೇರೆ ಅಮ್ಮಾ, ಎಂದರು. ಅವತ್ತಿನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೊಂದು ಗೆರೆ. ಎಷ್ಟು ಸಲ ಹೋದರೋ ಅಷ್ಟು ಚುಕ್ಕೆ. ರಕ್ತ ಇದ್ದರೆ ಕೆಂಪು ಪೆನ್ಸಿಲ್. ಮಾತ್ರೆಗೆ ಒಂದು ಅಡ್ಡಗೆರೆ. ನನಗೆ ಉದ್ದುದ್ದ ಬರೆಯಲು ಬರುವುದಿಲ್ಲ, ಚುಕ್ಕೆ ಹಾಕಲು ಬರುತ್ತದೆ. ಡಾಕ್ಟರು ಅದನ್ನು ಮಗುಚಿ ನೋಡಿ, ನಿಮ್ಮ ಪುಸ್ತಕ ನನ್ನ ಫೈಲಿಗಿಂತ ಚೆನ್ನಾಗಿದೆ, ಎಂದಿದ್ದರು. ಯಾವ ಊಟ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದೂ ಅದರಿಂದಲೇ ತಿಳಿಯಿತು. ಕೆರಳಿದಾಗ ಹಸಿ ತರಕಾರಿ, ಕಾಳು ಆಗುತ್ತಿರಲಿಲ್ಲ. ಅಡಗಿದಾಗ ಎಲ್ಲವೂ ಆಗುತ್ತಿತ್ತು, ಖಾರವೂ. ಇದು ಇವರ ಹೊಟ್ಟೆಯ ಮಾತು. ಇನ್ನೊಬ್ಬರದ್ದು ಬೇರೆ ಇರಬಹುದು.

ಈಗ ಆ ನೋಟ್‌ಬುಕ್ಕುಗಳು ಹದಿನೇಳು ಇವೆ. ಮನೆಯಲ್ಲಿ ನಾನೊಬ್ಬಳೇ. ಆದರೂ ಸ್ನಾನಕ್ಕೆ ಹೊರಟರೆ, ನೀವು ಹೋಗಿ ಬರ್ತೀರಾ ಮೊದಲು, ಎಂದು ಕೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ಕೇಳಿದ ಬಾಯಿ. ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಹೋಗುತ್ತೇನೆ.

ಸೈಕಲ್ ಮೇಲೆ ಸುತ್ತುವುದು ಇನ್ನು ಆಗುವುದಿಲ್ಲ ಎಂದಾಗ ಮಾರ್ಕೆಟ್ ಕಟ್ಟಡದಲ್ಲಿ ಅಂಗಡಿ ಹಿಡಿದರು. ಎರಡು ಮಹಡಿ, ಮೂವತ್ತೆರಡು ಅಂಗಡಿ. ಇವರದ್ದು ಮೆಟ್ಟಿಲ ಕೆಳಗಿನ ಸಂದು. ನೇರ ನಿಂತರೆ ತಲೆ ತಾಗುತ್ತಿತ್ತು. ಎಲ್ಲರೂ ಇದೆಂಥ ಜಾಗ ಎಂದರು. ಇವರು ಬೆಳಕು ನೋಡಲಿಲ್ಲ, ದಾರಿ ನೋಡಲಿಲ್ಲ. ಅಲ್ಲಿಂದ ಕಟ್ಟಡದ ಕಕ್ಕಸಿಗೆ ಇಪ್ಪತ್ತೆರಡು ಹೆಜ್ಜೆ. ನಡೆದು ಎಣಿಸಿಯೇ ಒಪ್ಪಿಕೊಂಡದ್ದು. ನನಗೆ ಮಾತ್ರ ಹೇಳಿದರು.

ಮಾರ್ಕೆಟ್ಟಿನಲ್ಲಿ ಯಾರಿಗೂ ಕಾಯಿಲೆ ಗೊತ್ತಿರಲಿಲ್ಲ. ಗ್ಯಾಸು ಎಂದು ಹೇಳಿಕೊಂಡಿದ್ದರು. ಪಕ್ಕದ ದರ್ಜಿ, ಬೀಗದಣ್ಣನ ಹೆಡ್ಡಾಫೀಸು ಒಳಗಡೆ, ಬ್ರಾಂಚು ಇಲ್ಲಿ, ಎಂದು ತಮಾಷೆ ಮಾಡುತ್ತಿದ್ದ. ಒಳಗೆ ಕೂತು ಸಿಗರೇಟು ಸೇದುತ್ತಾನೆ ಎಂದು ಇನ್ನೊಬ್ಬರು. ಇವರು ಎಲ್ಲರ ಜೊತೆ ತಾವೂ ನಗುತ್ತಿದ್ದರು. ಹದಿನಾಲ್ಕು ವರ್ಷ ಹಾಗೆ ನಕ್ಕರು.

ಒಂಬತ್ತು ವರ್ಷದ ಹಿಂದಿನ ಮಾತು. ಹೊರಗಿನವರು ಬಂದು ಕಕ್ಕಸು ಗಲೀಜು ಮಾಡುತ್ತಾರೆ ಎಂದು ಅಂಗಡಿಯವರ ಸಂಘದಲ್ಲಿ ಗಲಾಟೆಯಾಯಿತು. ಸಂಘದ ಕಾರ್ಯದರ್ಶಿಗೆ ಮೇಲಿನ ಮಹಡಿಯಲ್ಲಿ ಬಣ್ಣದ ಅಂಗಡಿ. ಅವರು ತೀರ್ಮಾನ ಮಾಡಿದರು. ಬಾಗಿಲಿಗೆ ಬೀಗ. ಕೀಲಿ ಬಣ್ಣದ ಅಂಗಡಿಯಲ್ಲಿ. ಬೇಕಾದವರು ಮೆಟ್ಟಿಲು ಹತ್ತಿ ಬಂದು, ಪುಸ್ತಕದಲ್ಲಿ ಹೆಸರು ಬರೆದು, ಹೋದ ಹೊತ್ತು, ಬಂದ ಹೊತ್ತು ಬರೆದು ರುಜು ಹಾಕಬೇಕು. ಬೀಗ ಹಾಕುವ ಕೆಲಸ ಬೇರೆ ಯಾರಿಗೆ ಹೇಳುತ್ತಾರೆ? ನಮ್ಮವರನ್ನೇ ಕರೆದರು.

ಇವರು ಹಾಕಿದರು. ಒಳ್ಳೇ ಬೀಗ, ಹಿತ್ತಾಳೆಯದ್ದು. ಎರಡು ಕೀಲಿ ಮಾಡಿ ಎರಡನ್ನೂ ಕಾರ್ಯದರ್ಶಿಯ ಕೈಗೆ ಕೊಟ್ಟು ಬಂದರು. ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ನಿಮಗೊಂದು ಕೀಲಿ?"

"ಬೇರೆಯವರ ಬಾಗಿಲಿನ ಕೀಲಿ ನಾನು ಯಾಕೆ ಇಟ್ಕೊಳ್ಳಲಿ."

"ಕೇಳಿ ಇಟ್ಕೋಬಹುದಿತ್ತಲ್ಲ."

"ಕೇಳಿದ್ರೆ ಯಾಕೆ ಅಂತಾರೆ. ಈಗ ಚೆನ್ನಾಗೇ ಇದೀನಲ್ಲೇ. ಎರಡು ಸಲ, ಮೂರು ಸಲ. ಎಲ್ಲರ ಹಾಗೆ."

ನಿಜವೇ. ಅದಕ್ಕೂ ಹಿಂದಿನ ಎರಡು ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಇರಲಿಲ್ಲ. ಮಾತ್ರೆ ಬಿಟ್ಟಾಗ ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಿದ್ದೇವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಚೆನ್ನಾಗಿರುವ ದಿನ ಕೆಟ್ಟ ದಿನದ ನೆನಪೇ ಇರುವುದಿಲ್ಲ. ಈ ಕಾಯಿಲೆಯಲ್ಲಿ ಮೈಮರೆಯುವುದು ನೋವಿದ್ದಾಗ ಅಲ್ಲ, ನೋವಿಲ್ಲದಾಗ.

ಮುಂದಿನ ತಿಂಗಳು ಹಲ್ಲುನೋವು ಬಂತು. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತೆಗೆದುಕೊಂಡು ಆರು ದಿನ ನುಂಗಿದರು. ಕೆಲವು ನೋವಿನ ಮಾತ್ರೆ ಈ ಕರುಳನ್ನು ಕೆರಳಿಸುತ್ತವೆ. ಡಾಕ್ಟರು ಹಿಂದೆ ಹೇಳಿದ್ದರು. ಮರೆತಿದ್ದೆವು. ವಾರ ಕಳೆಯುವುದರಲ್ಲಿ ದಿನಕ್ಕೆ ಹನ್ನೊಂದು ಚುಕ್ಕೆ, ಹನ್ನೆರಡು ಚುಕ್ಕೆ. ಡಾಕ್ಟರು ಆ ಮಾತ್ರೆ ಬಿಡಿಸಿ, ಕರುಳಿನ ಔಷಧಿ ಹೆಚ್ಚಿಸಿದರು. ಹಿಡಿತಕ್ಕೆ ಬರಲು ಆರು ವಾರ ಬೇಕು ಎಂದರು.

ಆರು ವಾರ. ಕೀಲಿ ಮೇಲಿನ ಮಹಡಿಯಲ್ಲಿ. ಈ ಕಾಯಿಲೆ ಬಂದೆ ಎಂದರೆ ಬಂದೇ ಬಿಡುತ್ತದೆ. ಮೆಟ್ಟಿಲು ಹತ್ತಿ, ರುಜು ಹಾಕಿ, ಇಳಿದು ಬರುವಷ್ಟು ಪುರುಸೊತ್ತು ಕೊಡುವುದಿಲ್ಲ. ಮಧ್ಯಾಹ್ನ ಒಂದರಿಂದ ಮೂರರ ತನಕ ಬಣ್ಣದ ಅಂಗಡಿಯೇ ಮುಚ್ಚಿರುತ್ತಿತ್ತು. ಇವರು ಬೆಳಿಗ್ಗೆ ತಿನ್ನುವುದು ಬಿಟ್ಟರು. ನೀರು ಬಿಟ್ಟರು. ಹೊಟ್ಟೆ ಖಾಲಿ ಇಟ್ಟರೆ ಆಯ್ತು ಎಂದುಕೊಂಡರು. ಉರಿಯುವ ಕರುಳು ಖಾಲಿ ಇದ್ದರೂ ಸುಮ್ಮನಿರುವುದಿಲ್ಲ. ಒಳಗೆ ಅನ್ನ ಇಲ್ಲದಿದ್ದರೆ ಬರೀ ರಕ್ತ ಲೋಳೆ ಹೋಗುತ್ತದೆ.

ಒಂದು ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದರು. ಪೆಟ್ಟಿಗೆಯನ್ನು ಹಿಂದಕ್ಕೆ ಹಿಡಿದುಕೊಂಡು, ಗೋಡೆ ಸವರಿಕೊಂಡು ಬಂದರು. ನೀರು ಕಾಯಿಸಿದೆ. ಬಟ್ಟೆ ನೆನೆಹಾಕಿದೆ. ಸ್ನಾನ ಆದ ಮೇಲೆ ಅಡುಗೆಮನೆ ನೆಲದ ಮೇಲೆ ಕೂತು ಹೇಳಿದರು. ಕಕ್ಕಸಿನ ಬಾಗಿಲ ಮುಂದೆ ಹೋಗಿ ನಿಂತಿದ್ದರಂತೆ. ಜೇಬಿನಲ್ಲಿ ತಂತಿ ಇತ್ತು. ಹತ್ತು ಎಣಿಸುವುದರೊಳಗೆ ಆ ಬೀಗ ತೆಗೆಯಬಲ್ಲ ಕೈ ಅದು. ತೆಗೆಯಲಿಲ್ಲ. ಅಲ್ಲೇ ಆಗಿಹೋಯಿತು.

ನನಗೆ ಮೈಯೆಲ್ಲ ಉರಿಯಿತು. ನಿಮ್ಮದೇ ಬೀಗ, ನಿಮ್ಮದೇ ಕೈ, ತೆಗೆಯೋಕೆ ಏನಾಗಿತ್ತು, ಎಂದು ಕೂಗಿದೆ.

"ಬೀಗ ನಾನು ಹಾಕಿದ್ದು ಕಣೇ. ಬಾಗಿಲು ನಂದಲ್ಲ."

ಆಮೇಲೆ, ಅಂಗಡಿ ಬಿಟ್ಟುಬಿಡ್ತೀನಿ, ಎಂದರು. ತಿಂಗಳ ಕೊನೆಗೆ ಖಾಲಿ ಮಾಡಿಕೊಡ್ತೀನಿ ಅಂತ ಹೇಳಿಬಿಡ್ತೀನಿ. ಮನೆಯಲ್ಲೇ ಕೂತು ಯಾರಾದರೂ ತಂದುಕೊಟ್ಟರೆ ಕೀಲಿ ಮಾಡ್ತೀನಿ. ಮನೆಗೆ ಯಾರು ತಂದುಕೊಡುತ್ತಾರೆ? ಅದು ಇಬ್ಬರಿಗೂ ಗೊತ್ತಿತ್ತು. ಹಲ್ಲು ಕಚ್ಚಿ ಹದಿನಾಲ್ಕು ವರ್ಷ ಕಟ್ಟಿದ ಕೆಲಸ, ಒಂದು ಕಕ್ಕಸಿನ ಬಾಗಿಲಿಗೆ ಸೋತು ಬಿಡುವುದು. ಕಾಯಿಲೆಗೆ ಸೋತಿದ್ದರೆ ಸುಮ್ಮನಿರುತ್ತಿದ್ದೆನೇನೋ. ಬಾಗಿಲಿಗೆ ಸೋಲುವುದು ನನಗೆ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಬಣ್ಣದ ಅಂಗಡಿಯ ಗೋದಾಮಿನಲ್ಲಿ ಸಂಘದ ಸಭೆ. ಇವರಿಗೆ ಹೇಳದೆ ಹೋದೆ. ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಡಬ್ಬಗಳ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಕಾರ್ಯದರ್ಶಿ, ಏನಮ್ಮಾ, ಬೀಗದಣ್ಣ ಬರಲಿಲ್ವಾ, ಎಂದರು. ನಾನು ನಿಂತುಕೊಂಡೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನನ್ನ ಗಂಡನ ದೊಡ್ಡ ಕರುಳಿನಲ್ಲಿ ಹುಣ್ಣಿದೆ. ಹದಿನೇಳು ವರ್ಷದಿಂದ ಇದೆ. ಕೆರಳಿದಾಗ ದಿನಕ್ಕೆ ಹನ್ನೆರಡು ಸಲ ಹೋಗಬೇಕು, ರಕ್ತ ಹೋಗುತ್ತದೆ. ಬಂದಾಗ ತಡೆಯಲು ಆಗುವುದಿಲ್ಲ. ನೋಟ್‌ಬುಕ್ ತೆರೆದು ಚುಕ್ಕೆ ತೋರಿಸಿದೆ.

ಕಾರ್ಯದರ್ಶಿ ಮುಖ ತಿರುಗಿಸಿದರು. ಇದನ್ನೆಲ್ಲ ನಾಲ್ಕು ಜನರ ಮುಂದೆ ಯಾಕಮ್ಮಾ, ಎಂದರು.

"ನಾಲ್ಕು ಜನಾನೇ ಅಲ್ವಾ ಬೀಗ ಹಾಕಿಸಿದ್ದು," ಎಂದೆ.

ಕೊನೆಗೆ ಪಾಪ ಪಾಪ ಎಂಬ ಸದ್ದು ಶುರುವಾಯಿತು. ಬೀಗದಣ್ಣನಿಗೆ ಮಾತ್ರ ಒಂದು ಕೀಲಿ ಕೊಡೋಣ, ಅವನೇ ಮಾಡಿಕೊಳ್ಳಲಿ, ಎಂದು ತೀರ್ಮಾನವಾಯಿತು. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಇವರಿಗೆ ಹೇಳಿದೆ. ಮುಖ ಕಪ್ಪಿಟ್ಟಿತು. ಮಾರ್ಕೆಟ್ಟಿನ ನಡುವೆ ನನ್ನ ಬಟ್ಟೆ ಬಿಚ್ಚಿ ಬಂದೆಯಲ್ಲೇ, ಎಂದರು. ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಮಗಳಿಗೆ ಆಗ ಹದಿನೆಂಟು. ಊಟಕ್ಕೆ ಬರಲಿ ಅಂತ ಅಪ್ಪನಿಗೆ ಹೇಳು ಎಂದು ನಾನು, ನಿಮ್ಮಮ್ಮನಿಗೆ ಆಮೇಲೆ ಮಾಡ್ತೀನಿ ಅಂತ ಹೇಳು ಎಂದು ಇವರು. ಮೂರನೇ ದಿನ ಅವಳು ತಟ್ಟೆ ಕುಕ್ಕಿ, ನಾನೇನು ಪೋಸ್ಟಾಫೀಸಾ, ಎಂದು ಎದ್ದು ಹೋದಳು. ಔಷಧಿ ಹಾಕುವಾಗಲೂ ಮಾತಿಲ್ಲ. ಅರ್ಧ ಗಂಟೆ ಇವರು ಗೋಡೆ ನೋಡುತ್ತಿದ್ದರು, ನಾನು ಇವರ ಬೆನ್ನು ನೋಡುತ್ತಿದ್ದೆ. ಆ ಬೆನ್ನಿನ ಮೂಳೆ ಎಣಿಸಬಹುದಿತ್ತು.

ಐದನೇ ದಿನ ಸಂಜೆ ಇವರೇ ಬಾಯಿ ಬಿಟ್ಟರು. ಜೆರಾಕ್ಸ್ ಅಂಗಡಿಯ ಹೆಂಗಸು ಅವತ್ತು ಇವರ ಹತ್ತಿರ ಬಂದಿದ್ದಳಂತೆ. ಬೀಗದಣ್ಣ, ನಿಮಗೆ ಸ್ವಂತ ಕೀಲಿ ಬರುತ್ತಂತಲ್ಲ, ಎಂದಳಂತೆ. ಇವರು ತಲೆ ತಗ್ಗಿಸಿದರಂತೆ. ಅವಳು ಹೇಳಿದಳಂತೆ, ಬೀಗ ಬಿದ್ದ ದಿನದಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ತನಕ ನೀರು ಕುಡಿದಿಲ್ಲ. ಬಣ್ಣ ಕೊಳ್ಳೋಕೆ ಬಂದ ಗಂಡಸರ ಮುಂದೆ ಪುಸ್ತಕದಲ್ಲಿ ಹೊತ್ತು ಬರೆದು ಹೋಗೋದು ನನ್ನ ಕೈಲಾಗಲ್ಲ ಅಣ್ಣ. ಇನ್ನೂ ಎಂಟು ಹೆಂಗಸರು ಹಾಗೇ ಇದೀವಿ. ಉರಿಮೂತ್ರ ಬಂದು ಇಬ್ಬರು ಡಾಕ್ಟರ ಹತ್ತಿರ ಹೋಗಿ ಬಂದರು.

ಇದನ್ನು ಹೇಳಿ ಇವರು ನನ್ನ ಕಡೆ ತಿರುಗಿ ಕೂತರು.

"ಕೀಲಿ ನನಗೆ ಬೇಡ ಕಣೇ. ಆ ಬೀಗ ತಪ್ಪು. ಹಾಕಬಾರದಾಗಿತ್ತು. ಕಕ್ಕಸಿಗೆ ಒಳಗಿನ ಚಿಲಕ ಸಾಕು."

ಮಾರನೇ ದಿನ ಮೇಲೆ ಹೋಗಿ ಕಾರ್ಯದರ್ಶಿಗೆ ಹೇಳಿದರು. ನಾನು ಹಾಕಿದ ಬೀಗ ನಾನೇ ತೆಗೆಯುತ್ತೇನೆ, ನೀವು ಕರೆಯಿರಿ. ಕಾರ್ಯದರ್ಶಿ ನಕ್ಕರು. ನಿನಗೆ ಕೀಲಿ ಕೊಡ್ತೀವಿ ಅಂದ್ವಲ್ಲ, ಇನ್ನೇನು ಬೇಕು, ಎಲ್ಲರಿಗೂ ತೆರೆದಿಟ್ಟರೆ ಬಂದು ಯಾರು ತೊಳೀತಾರೆ, ನೀನಾ, ಎಂದರು. ಇವರು ಇಳಿದು ಬಂದರು. ಕೀಲಿ ಕೊರೆಯುವ ಯಂತ್ರಕ್ಕೆ ಬಟ್ಟೆ ಹೊದಿಸಿದರು. ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಆ ಬಾಗಿಲು ತೆರೆಯುವ ತನಕ ಈ ಕಟ್ಟಡದಲ್ಲಿ ಯಾವ ಬೀಗಕ್ಕೂ ಕೈ ಹಾಕುವುದಿಲ್ಲ ಎಂದರು.

ಮೂವತ್ತೆರಡು ಷಟರು. ತಿಂಗಳಿಗೊಮ್ಮೆ ಎಲ್ಲದಕ್ಕೂ ಎಣ್ಣೆ ಬಿಟ್ಟು, ಸಡಿಲವಾದದ್ದು ಬಿಗಿಮಾಡುತ್ತಿದ್ದವರು ಇವರು. ಮೊದಲು ಎಲ್ಲರೂ ತಮಾಷೆ ಎಂದುಕೊಂಡರು. ಬಂದವರೆಲ್ಲ ಯಾಕೆ ಸುಮ್ಮನೆ ಕೂತಿದೀರಿ ಎಂದು ಕೇಳುತ್ತಿದ್ದರು. ಇವರು ಹೇಳುತ್ತಿದ್ದರು. ಹದಿನಾಲ್ಕು ವರ್ಷ ಗ್ಯಾಸು ಎಂದ ಬಾಯಿ, ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನ ಹುಣ್ಣು, ಅಂಟಲ್ಲ, ವಾಸಿಯಾಗಲ್ಲ, ಹಿಡಿತದಲ್ಲಿ ಇಟ್ಕೋಬಹುದು, ಆದರೆ ಬಾಗಿಲು ಬೇಕು, ಎಂದು ದಿನಕ್ಕೆ ನಲವತ್ತು ಸಲ ಹೇಳಿತು. ಹೇಳಿ ಹೇಳಿ ನಾಚಿಕೆ ಸವೆದುಹೋಯಿತು. ದರ್ಜಿಗೆ ಆ ಹೆಸರು ಬಾಯಿಗೆ ಬರದೆ, ನಮ್ಮ ಬೀಗದಣ್ಣನಿಗೆ ಕಲೆಕ್ಟರ್ ಕಾಯಿಲೆ, ದೊಡ್ಡ ಅಧಿಕಾರಿಗಳದ್ದು, ಎಂದು ಊರೆಲ್ಲ ಸಾರಿದ.

ಆ ದಿನಗಳಲ್ಲಿ ನಾನೂ ಅಂಗಡಿಯಲ್ಲಿ ಕೂತಿರುತ್ತಿದ್ದೆ. ಇವರ ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ಓಡಿ ಮೆಟ್ಟಿಲು ಹತ್ತಿ, ಪುಸ್ತಕದಲ್ಲಿ ಬರೆದು ಕೀಲಿ ತರುತ್ತಿದ್ದೆ. ಮೂರನೇ ದಿನ ಜೆರಾಕ್ಸ್ ಅಂಗಡಿಯವಳು ನನ್ನ ಹಿಂದೆ ಬಂದು ನಿಂತಳು. ಅವಳ ಹಿಂದೆ ಬಳೆ ಅಂಗಡಿಯವಳು. ಮಾರನೇ ದಿನದಿಂದ ಒಂಬತ್ತೂ ಜನ. ಗಂಟೆಗೊಂದು ಸಲ ಸಾಲಾಗಿ ಬಂದು ಬಣ್ಣದ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ನಿಧಾನವಾಗಿ, ಅಕ್ಷರ ತಿದ್ದುವ ಹಾಗೆ ಬರೆಯುತ್ತಿದ್ದರು. ಒಬ್ಬಳು ಹೊತ್ತಿನ ಪಕ್ಕದಲ್ಲಿ ಒಂದಕ್ಕೆ, ಎರಡಕ್ಕೆ ಎಂದೂ ಬರೆಯುತ್ತಿದ್ದಳು. ಬಣ್ಣ ಕೊಳ್ಳಲು ಬಂದವರು ಅದನ್ನೇ ಓದುತ್ತಾ ನಿಲ್ಲುತ್ತಿದ್ದರು. ಕಾರ್ಯದರ್ಶಿ ಪುಸ್ತಕ ಕಿತ್ತು ಮೇಜಿನ ಕೆಳಗೆ ಇಟ್ಟರೆ, ನಿಯಮ ನಿಮ್ಮದೇ ಸರ್, ಬರೆಯದೆ ಹೋಗೋದು ಹೇಗೆ, ಎಂದು ಜೆರಾಕ್ಸ್ ಅಂಗಡಿಯವಳು ಕೈ ಚಾಚುತ್ತಿದ್ದಳು.

ಎಂಟನೇ ದಿನ ಹಾಸಿಗೆ ಅಂಗಡಿಯ ಷಟರ್ ಕಚ್ಚಿಕೊಂಡಿತು. ಮಾಲೀಕ ಬಂದು ಕೈ ಮುಗಿದ. ಇವರು ಎದ್ದು ನಿಂತು ತಾವೂ ಕೈ ಮುಗಿದರು, ಆದರೆ ಹೋಗಲಿಲ್ಲ. ಅವನು ಸ್ಟೇಷನ್ ರಸ್ತೆಯಿಂದ ಬೇರೆ ಬೀಗದವನನ್ನು ಕರೆತಂದ. ಅವನು ಚೀಲ ಬಿಚ್ಚಿ ತಂತಿ ತೆಗೆದವನು, ಮೆಟ್ಟಿಲ ಕೆಳಗೆ ಕೂತಿದ್ದ ಇವರನ್ನು ನೋಡಿದ. ಹತ್ತಿರ ಬಂದು, ಏನಣ್ಣ ವಿಷಯ, ಎಂದು ಕೇಳಿದ. ಇವರು ಹೇಳಿದರು. ಅವನು ಚೀಲ ಕಟ್ಟಿಕೊಂಡು, ಇಲ್ಲಿ ಅಣ್ಣನ ಕೈ ನಿಂತಿದೆ, ನನ್ನ ಕೈ ಓಡಲ್ಲ, ಎಂದು ಹೊರಟುಹೋದ. ಹಾಸಿಗೆ ಅಂಗಡಿಯವನು ಇವರನ್ನು ಬೈಯಲಿಲ್ಲ. ಮೇಲೆ ಹೋಗಿ ಕಾರ್ಯದರ್ಶಿಯನ್ನು ಬೈದ. ಅದು ಕೆಳಗಿನ ತನಕ ಕೇಳಿಸಿತು.

ಈ ಗಲಾಟೆಯೆಲ್ಲ ಮುಗಿದ ಮೇಲೆ ಇವರು ಒಂಬತ್ತು ವರ್ಷ ಅದೇ ಅಂಗಡಿಯಲ್ಲಿ ಕೆಲಸ ಮಾಡಿದರು. ಎರಡು ಸಲ ಕೆರಳಿತು, ಎರಡು ಸಲವೂ ಇಳಿಯಿತು. ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ನಳಿಕೆ ಹಾಕಿಸಿಕೊಂಡರು. ಬಹಳ ವರ್ಷ ಉರಿದ ಕರುಳಿಗೆ ಕ್ಯಾನ್ಸರ್ ಬರಬಹುದು, ಬಂದರೆ ಮೊದಲೇ ಹಿಡಿಯಬೇಕು ಎಂದು. ಬರಲಿಲ್ಲ. ಮಾರ್ಕೆಟ್ಟಿಗೆ ಬಂದ ಎಷ್ಟೋ ಜನ ಕೀಲಿ ಮಾಡಿಸುವ ನೆಪದಲ್ಲಿ ಇವರ ಮುಂದೆ ಕೂತು, ಅಣ್ಣ, ನನಗೂ ರಕ್ತ ಹೋಗುತ್ತೆ, ಎಂದು ಪಿಸುಗುಟ್ಟಿದ್ದಾರೆ. ಇವರು ಎಲ್ಲರಿಗೂ, ಮೂಲವ್ಯಾಧಿ ಅಂತ ನೀವೇ ಹೆಸರಿಡಬೇಡಿ, ಹೋಗಿ ತೋರಿಸಿ, ಎಂದು ಆ ಹೆಣ್ಣು ಡಾಕ್ಟರ ಹತ್ತಿರ ಕಳಿಸಿದರು.

ಅದು ಮುಗಿದದ್ದು ಹೀಗೆ. ಇವರು ಕೈಕಟ್ಟಿ ಕೂತ ಹನ್ನೊಂದನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಾರ್ಯದರ್ಶಿ ಮೆಟ್ಟಿಲಿಳಿದು ಬಂದರು. ಹಿಂದೆ ಅರ್ಧ ಮಾರ್ಕೆಟ್ಟು. ಮುಖ ಕೆಂಪಾಗಿತ್ತು. ಬಾರಯ್ಯ, ಬಿಚ್ಚು ನಿನ್ನ ಬೀಗ, ಎಂದರು.

ಇವರು ಸ್ಟೂಲಿನಿಂದ ಏಳಲಿಲ್ಲ.

"ಕರೀತಿದೀರಾ ಸರ್?"

"ಕರೀತಿದೀನಿ ಮಾರಾಯ. ಇನ್ನು ಹೇಗೆ ಕರೀಬೇಕು."

ಆಗ ಎದ್ದರು. ಪೆಟ್ಟಿಗೆ ತೆಗೆದುಕೊಂಡು ಇಪ್ಪತ್ತೆರಡು ಹೆಜ್ಜೆ ನಡೆದು ಹೋದರು. ನಾಲ್ಕು ಸ್ಕ್ರೂ. ಬೀಗ ಕೈಗೆ ಬಂತು. ಕಾರ್ಯದರ್ಶಿಯ ಕೈಯಲ್ಲಿದ್ದ ಎರಡು ಕೀಲಿಯನ್ನೂ ಇಸಿದುಕೊಂಡು ಅಲ್ಲೇ ಕೂತು ಅರ ಹಾಕಿ ಹಲ್ಲು ತೀಡಿದರು. ಒಳಗಡೆಗೆ ಹೊಸ ಚಿಲಕ ಹೊಡೆದರು, ಗಟ್ಟಿಯಾದದ್ದು. ತೊಳೆಯುವವರು ಯಾರು ಎಂದು ಕಾರ್ಯದರ್ಶಿ ಮತ್ತೆ ತೆಗೆದರು. ಮೊದಲನೇ ವಾರ ನಾನು, ಎಂದರು ಇವರು. ಎರಡನೇ ವಾರ ನಾನು, ಎಂದ ದರ್ಜಿ. ಜೆರಾಕ್ಸ್ ಅಂಗಡಿಯವಳು ಮೂರನೆಯದು ಹಿಡಿದಳು. ಕಾರ್ಯದರ್ಶಿಯ ಪಾಳಿ ಹದಿನೇಳನೆಯದು ಬಂತು. ಅವರೂ ಒಪ್ಪಿದರು, ಬೇರೆ ದಾರಿ ಇರಲಿಲ್ಲ.

ಕೆಲಸ ಮುಗಿಯಿತು. ಬಾಗಿಲು ತೆರೆದು ನಿಂತಿತು. ಯಾರೂ ಅಲುಗಾಡಲಿಲ್ಲ. ಮೂವತ್ತು ನಲವತ್ತು ಜನ ಕಕ್ಕಸಿನ ಬಾಗಿಲು ನೋಡುತ್ತಾ ನಿಂತಿದ್ದರು. ಕಾರ್ಯದರ್ಶಿ ಕೈ ತೋರಿಸಿ, ಹೋಗಪ್ಪ, ನೀನೇ ಮೊದಲು, ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ವಾ, ಎಂದರು.

ನಮ್ಮವರು ಸ್ಕ್ರೂಡ್ರೈವರ್ ಪೆಟ್ಟಿಗೆಗೆ ಹಾಕಿಕೊಂಡರು.

"ನನಗೆ ಈಗ ಬಂದಿಲ್ಲ. ಬಂದಾಗ ಹೋಗ್ತೀನಿ."

ಹಾಗಂದು, ಹಾಸಿಗೆ ಅಂಗಡಿಯ ಷಟರ್ ತೆಗೆಯಲು ಹೊರಟರು.